ನೆನಪಿನ ವರದಿಯೂ ಧ್ವನಿಮುದ್ರಿತ ಸಂದರ್ಶನವೂ: ರೋಜರ್ಸರ ಒಂದು ಗ್ರಂಥವನ್ನು ಕುರಿತು

ಆಪ್ತಸಲಹೆಯ ಶಿಕ್ಷಣದಲ್ಲಿ ಸಿದ್ಧಾಂತ, ಸಂಶೋಧನೆ, ವೃತ್ತಿ ಇವು ಮೂರಕ್ಕೂ ಸಂಬಂಧ ಏರ್ಪಡಬೇಕೆಂದು ವಾದಿಸುವವರು 1949ರಲ್ಲಿ ಅಮೆರಿಕದ ಬೋಲ್ಡರ್ ನಗರದಲ್ಲಿ ನಡೆದ ಸಮ್ಮೇಳನವನ್ನು ಸ್ಮರಿಸುವುದು ವಾಡಿಕೆ. ಚಿಕಿತ್ಸಾ ಮನೋವಿಜ್ಞಾನಿಯಾಗತಕ್ಕವನು ಸಂಶೋಧಕನೂ ಆಗಿರಬೇಕೆಂಬುದು ಅಲ್ಲಿಯ ನಿರ್ಣಯ. ನಿರ್ಣಯವೇನೋ ಸಾಧುವೇ. ಆದರೆ ಅದು ಕಾರ್ಯರೂಪಕ್ಕೆ ಬರುವ ಬಗೆಯನ್ನು ಏಳು ವರ್ಷ ಮೊದಲೇ, 1942ರಲ್ಲಿ, ಕಾರ್ಲ್ ರೋಜರ್ಸರ ‘ಕೌನ್ಸೆಲಿಂಗ್ ಅಂಡ್ ಸೈಕೋಥೆರಪಿ’ ಎಂಬ ಗ್ರಂಥ ತೋರಿಸಿಕೊಟ್ಟಿತ್ತು. ಚರಿತ್ರೆಯನ್ನು ಬೋಧಿಸುವ ನನ್ನನ್ನು ಅದರತ್ತ ಸೆಳೆದದ್ದು ಅದರ ಸಿದ್ಧಾಂತವಲ್ಲ, ಕೊನೆಯ ಭಾಗ.

ಹರ್ಬರ್ಟ್ ಬ್ರಯನ್ ಎಂಬ ಕಲ್ಪಿತನಾಮದ ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಸಂದರ್ಶನಗಳು ಧ್ವನಿಮುದ್ರಿಕೆಯಿಂದ ಇಳಿಸಿದಂತೆ, ಮಾತಿಗೆ ಮಾತಾಗಿ, ಕ್ರಮಾಂಕದೊಡನೆ ಅಲ್ಲಿ ಅಚ್ಚಾಗಿವೆ. ಆಪ್ತಸಲಹೆಗಾರನು ಎಲ್ಲಿ ಎಡವಿದನೆಂಬುದನ್ನು ಅಡಿಟಿಪ್ಪಣಿಗಳೇ ಎತ್ತಿ ಹೇಳುತ್ತವೆ. ಅಲ್ಲಿಯವರೆಗೆ ಶಿಷ್ಯನು ಸಂದರ್ಶನ ಮುಗಿಸಿಬಂದು, ನೆನಪಿನಿಂದ ಬರೆದ ವರದಿಯನ್ನು ಗುರುವಿಗೆ ಒಪ್ಪಿಸುತ್ತಿದ್ದನು; ಗುರುವು ತಿದ್ದುತ್ತಿದ್ದುದು ಶಿಷ್ಯನ ನೆನಪನ್ನೇ ಹೊರತು ಅವನ ಕೆಲಸವನ್ನಲ್ಲ. ಬರ್ನಾರ್ಡ್ ಕೋವ್ನರ್ 1944ರಲ್ಲಿ ಇಂತಹ ವರದಿಗಳನ್ನು ಮುದ್ರಿಕೆಗಳೊಡನೆ ಹೋಲಿಸಿ ನೋಡಿದಾಗ, ನಡೆದ ಮಾತಿನ ಬಹುಭಾಗ ವರದಿಯಲ್ಲಿ ಬಿಟ್ಟುಹೋಗಿದ್ದುದು ಕಂಡುಬಂದಿತು. ಶಾಸನದ ಪಡಿಯಚ್ಚನ್ನು ಕಾಣದೆ ಪಾಠವನ್ನು ಮಾತ್ರ ನಂಬಿ ಕೆಟ್ಟವರಿಗೆ ಇದು ಹೊಸ ಸಂಗತಿಯೇನಲ್ಲ. ಪಡಿಯಚ್ಚು ಕೈಗೆ ಬಂದ ಮೇಲೆ ಗುರುವಿನ ಓದನ್ನೂ ಶಿಷ್ಯನು ಪ್ರಶ್ನಿಸಬಹುದು. ಸಂಶೋಧನೆ ವೃತ್ತಿಯೊಳಕ್ಕೆ ಪ್ರವೇಶಿಸಿದ್ದು ಈ ಬಾಗಿಲಿನಿಂದ.

ಗ್ರಂಥದ ಕೊರತೆಯೂ ಇಲ್ಲಿಯೇ ಇದೆ. ಪೂರ್ಣವಾಗಿ ಕೊಟ್ಟಿರುವುದು ಒಂದೇ ಪ್ರಕರಣ. ಅದೂ ತನ್ನ ಮನಸ್ಸನ್ನು ತಾನೇ ವಿಶ್ಲೇಷಿಸಬಲ್ಲ ಮಾತುಗಾರನದು, ಸಫಲವಾದದ್ದು. ಮಾತೇ ಹೊರಡದೆ ಕುಳಿತವನ ಸಂದರ್ಶನವೊಂದು ಜೊತೆಗಿದ್ದಿದ್ದರೆ ಸಿದ್ಧಾಂತಕ್ಕೆ ನಿಜವಾದ ಒರೆಗಲ್ಲು ದೊರೆಯುತ್ತಿತ್ತು. ಮೇಲಾಗಿ ಅಚ್ಚಿನಲ್ಲಿ ದನಿಯಿಲ್ಲ. ದನಿಯನ್ನು ಕೇಳದ ಅನುಯಾಯಿಗಳು, ಎದುರಿಗಿದ್ದವನ ಮಾತನ್ನೇ ತಿರುಗಿಸಿ ಹೇಳುವುದನ್ನು ಒಂದು ತಂತ್ರವನ್ನಾಗಿ ಕಲಿಸತೊಡಗಿದರು. ತಮ್ಮ ವಿಧಾನ ಹೀಗೆ ವಿಕಾರಗೊಂಡುದಕ್ಕಾಗಿ ರೋಜರ್ಸರೇ 1975ರ ಲೇಖನವೊಂದರಲ್ಲಿ ನೊಂದು ಬರೆದಿದ್ದಾರೆ. ಹೊಣೆಯಲ್ಲಿ ಸ್ವಲ್ಪ ಪಾಲು ಅವರದೂ ಹೌದೆಂದು ನನ್ನ ಎಣಿಕೆ.

ಇನ್ನು ನಮ್ಮ ಕಡೆಯ ಮಾತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಶಿಕ್ಷಣದ ಪರಂಪರೆ ನಮಗೆ ಹೊಸದಲ್ಲ. ಆದರೆ ‘ಆಪ್ತಸಲಹೆ’ ಎಂಬ ನಮ್ಮ ಪದವನ್ನೇ ನೋಡಬಹುದು: ರೋಜರ್ಸರು ಯಾವುದನ್ನು ಕೊಡಬಾರದೆಂದರೋ ಆ ಸಲಹೆಯೇ ಅದರ ಉತ್ತರಪದವಾಗಿ ಕುಳಿತಿದೆ! ಇದಕ್ಕಿಂತ ಗಹನವಾದದ್ದು ಭಾಷಾಂತರದ ತೊಡಕು. ಕನ್ನಡದಲ್ಲಿ ನಡೆದ ಸಂದರ್ಶನವನ್ನು ಶಿಷ್ಯನು ಇಂಗ್ಲಿಷಿನಲ್ಲಿ ವರದಿಮಾಡಿದರೆ ನೆನಪಿನ ಜರಡಿಯ ಕೆಳಗೆ ಇನ್ನೊಂದು ಜರಡಿ ಹಿಡಿದಂತಾಗುತ್ತದೆ. ‘ಬೇಜಾರು’ ಎಂಬಲ್ಲಿ ದುಃಖವಿರಬಹುದು, ಮುನಿಸಿರಬಹುದು, ಬರಿಯ ಹೊತ್ತುಹೋಗದಿರುವಿಕೆಯೂ ಇರಬಹುದು. ಇಂಗ್ಲಿಷಿನ ವರದಿ ಇವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಅಳಿಸಿಬಿಡುತ್ತದೆ. ‘ನೀವು’ ಎನ್ನುತ್ತಿದ್ದ ಸಲಹೆಗಾರನು ಯಾವ ಗಳಿಗೆಯಲ್ಲಿ ‘ನೀನು’ ಎಂದನೆಂಬುದು ಆ ಭಾಷೆಯಲ್ಲಿ ಉಳಿಯುವುದೇ ಇಲ್ಲ.

ಆದುದರಿಂದ ಕನ್ನಡದ ಮಾತನ್ನು ಕನ್ನಡದಲ್ಲಿಯೇ, ಆಡಿದವರ ಒಪ್ಪಿಗೆಯಿಂದ, ಇಳಿಸಿಕೊಂಡ ಪಾಠಗಳು ತರಗತಿಗೆ ಬೇಕು. ಒಪ್ಪಿಗೆಯೆಂಬುದು ಇಲ್ಲಿ ಹಗುರವಾದ ವಿಷಯವಲ್ಲ. ಬ್ರಯನ್ನನನ್ನು ಮರೆಮಾಡಲು ಹೆಸರು ಬದಲಿಸಿದರೆ ಸಾಕಾಯಿತು. ನಮ್ಮಲ್ಲಿ ನಾಲ್ಕು ವಾಕ್ಯಗಳ ಆಡುನುಡಿಯೇ ಮಾತನಾಡಿದವರ ಸೀಮೆಯನ್ನೂ ಜಾತಿಯನ್ನೂ ಬಿಟ್ಟುಕೊಡುತ್ತದೆ. ಹಾಗೆಂದು ನುಡಿಯನ್ನು ಶಿಷ್ಟಭಾಷೆಗೆ ತಿದ್ದಿದರೆ ಅದು ಪಡಿಯಚ್ಚಾಗಿ ಉಳಿಯುವುದಿಲ್ಲ.