‘ಕಾಣೆಯಾಗಿರುತ್ತಾನೆ’ ಎಂಬ ವಾಕ್ಯದ ಬಗ್ಗೆ

ರಾಯಚೂರಿನ ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುವ ಗೆಳೆಯನೊಬ್ಬ ನನಗಿದ್ದಾನೆ. ಒಮ್ಮೆ ದೇವದುರ್ಗದ ಕಡೆಯ ಮುದುಕಿಯೊಬ್ಬಳು ಬಂದು ಮಗನ ಕಥೆ ಹೇಳಿದಳು. ಅವನು ಬರೆದದ್ದು: ‘ನನ್ನ ಮಗನು ಕಾಣೆಯಾಗಿರುತ್ತಾನೆ.’ ಓದಿ ಹೇಳಿದರೆ ಮುದುಕಿ ಒಪ್ಪಲಿಲ್ಲ. ‘ಕಾಣ್ಯಾಗಿಲ್ಲೋ ಯಪ್ಪಾ, ಒಯ್ದಾರ. ಜೀಪಿನ್ಯಾಗ ಒಯ್ದಾರ. ಹಂಗಂತ ಬರಿ.’ ಗೆಳೆಯ ತಲೆ ಕೆರಕೊಂಡ. ಹಂಗ ಬರೆದರೆ ಆ ಅರ್ಜಿ ತಗೊಳ್ಳೋರು ಯಾರು? ಕಡೆಗೆ ಹಳೇ ವಾಕ್ಯವೇ ಉಳಿಯಿತು. ಮುದುಕಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ದಲಿತ ವಿಮರ್ಶೆಯ ಬಗ್ಗೆ ಬರೆಯಲು ಕೂತಾಗ ನನಗೆ ನೆನಪಾದದ್ದು ಆ ಹೆಬ್ಬೆಟ್ಟು. ‘ಕಾಣೆಯಾಗು’ ಎಂಬ ಕ್ರಿಯಾಪದದಲ್ಲಿ ಮಾಡಿದವನಿಗೆ ಜಾಗವೇ ಇಲ್ಲ. ಕೊಡ ಉರುಳಿದಂತೆ, ಹೊತ್ತು ಮುಳುಗಿದಂತೆ ಮನುಷ್ಯ ತಾನೇ ಕಾಣೆಯಾಗುತ್ತಾನೆ. ‘ಒಯ್ದಾರ’ದಲ್ಲಿ ಹೆಸರಿಲ್ಲದಿದ್ದರೂ ಮಾಡಿದವರಿದ್ದಾರೆ. ವ್ಯಾಕರಣ ಬಲ್ಲವರು ಅರ್ಜಿ ಬರೆದರು, ವ್ಯಾಕರಣ ಗೊತ್ತಿದ್ದದ್ದು ಮುದುಕಿಗೆ.

ಇದೇ ಕಿವಿಯಿಂದ ನಮ್ಮ ವಿಮರ್ಶೆಯನ್ನೂ ಕೇಳಿ ನೋಡಿ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಭಾಷೆಯ ಮೇಲೆ ನಾವು ಎಷ್ಟು ಜಗಳಾಡಿದೆವು! ಇದು ಓದಲು ಬರುತ್ತದೋ ಇಲ್ಲವೋ, ಕಾದಂಬರಿಯೋ ಕಾವ್ಯವೋ, ಜೋತಮ್ಮಗಳು ಯಾವ ಪರಂಪರೆಯವರು. ನಾನೂ ಅಂಥದ್ದೊಂದು ಪ್ರಬಂಧ ಮಂಡಿಸಿದವನೇ, ನಾಚಿಕೆಯಿಂದ ಹೇಳುತ್ತಿದ್ದೇನೆ. ಆದರೆ ಆ ಕಥೆಯ ನಡುವೆ ಕುಸುಮಳನ್ನು ಕೂಡಿದ ಹೊಲಗೇರಿಯ ಚೆನ್ನ ಕೊಲೆಯಾಗಿ ಇಲ್ಲವಾಗಿದ್ದಾನೆ. ‘ಚೆನ್ನ ಎಲ್ಲಿ?’ ಎಂಬುದು ನನ್ನ ಪ್ರಬಂಧದ ಮೊದಲ ಪ್ರಶ್ನೆಯಾಗಲಿಲ್ಲ. ಹತ್ತನೆಯದೂ ಆಗಲಿಲ್ಲ.

ಚೆನ್ನನನ್ನು ಒಯ್ದದ್ದು ಜಾತಿ. ಸರಕಾರವೇ ಒಯ್ದ ಕಥೆಗೂ ರಾಜ್ಯ ಬಿಟ್ಟು ಹೋಗಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಕಾವ್ಯವನ್ನು ಕಂಸಾಳೆಯವರ ಬಾಯಿಂದ ಬರೆದುಕೊಂಡು ನಮ್ಮ ವಿದ್ವಾಂಸರು ಅಚ್ಚು ಹಾಕಿಸಿದರು, ದೊಡ್ಡ ಕೆಲಸವೇ. 1990ರ ದಶಕದಲ್ಲಿ ವೀರಪ್ಪನ್‌ನನ್ನು ಹಿಡಿಯಲು ಬಂದ ವಿಶೇಷ ಕಾರ್ಯಪಡೆಯವರು ಅದೇ ಬೆಟ್ಟದಲ್ಲಿ ಕಾಡಂಚಿನ ಹಳ್ಳಿಗಳ ಗಂಡಸರು ಹೆಂಗಸರನ್ನು ಎಳೆತಂದು ಹಿಂಸಿಸುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂದು ಹೆಸರಿತ್ತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಆ ಜನ ಬಂದು ಬಾಯಿ ಬಿಟ್ಟು ಹೇಳಿದರು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಾಯಿತು. ಬೆಟ್ಟದ ಹಾಡು ಪಠ್ಯವಾಯಿತು. ಅದೇ ಬೆಟ್ಟದವರ ಸಾಕ್ಷಿ ಕಡತವಾಗಿ ಕಪಾಟು ಸೇರಿತು. ಎರಡೂ ಬಾಯಿಮಾತೇ ಅಲ್ಲವೇನ್ರಿ?

ಕೋರ್ಟುಗಳು ಕೆಲವೊಮ್ಮೆ ನಮಗಿಂತ ಒಳ್ಳೆಯ ಓದುಗರು. ಮಗನನ್ನು ಪೊಲೀಸರು ಮನೆಯಿಂದ ಒಯ್ದರು, ಮರುದಿನ ರೈಲುಹಳಿಯ ಮೇಲೆ ಹೆಣ ಸಿಕ್ಕಿತು ಎಂದು ಒಡಿಶಾದ ನೀಲಾಬತಿ ಬೆಹೆರಾ ಬರೆದ ಕಾಗದವನ್ನೇ ಸುಪ್ರೀಂ ಕೋರ್ಟು ರಿಟ್ ಅರ್ಜಿಯೆಂದು ತಗೊಂಡು, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಪೊಲೀಸರ ವಶದಲ್ಲಿದ್ದವನು ಕಾಣೆಯಾದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕೆಂದು 2005ರ ತಿದ್ದುಪಡಿಯಲ್ಲಿ ಕಾನೂನೂ ಬಂತು. ಅಲ್ಲೂ ನೋಡಿ, ‘ಕಾಣೆಯಾದರೆ’! ಬಲವಂತದ ಕಣ್ಮರೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 2007ರಲ್ಲಿ ಸಹಿ ಹಾಕಿದ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಹರಿಕಥಾಮೃತಸಾರದ ಜಗನ್ನಾಥದಾಸರ ಊರು ಮಾನ್ವಿಯಲ್ಲಿ ದಾಸಸಾಹಿತ್ಯದ ಗೋಷ್ಠಿಗಳು ನಡೀತಾವೆ, ನಡೀಲಿ. ನನ್ನ ಗೆಳೆಯ ಈಗ ಅರ್ಜಿಯ ಕರಡು ಹರಿದು ಹಾಕುವುದಿಲ್ಲ, ಒಂದು ಕಟ್ಟು ಕೂಡಿಟ್ಟಿದ್ದಾನೆ. ಮೊನ್ನೆ ಅದನ್ನು ಮಾನ್ವಿಗೆ ಒಯ್ದು ಕಾಲೇಜು ಹುಡುಗರ ಮುಂದಿಟ್ಟೆ. ಅಚ್ಚುಕಟ್ಟಾಗಿ ಬರೆದದ್ದನ್ನು ಓದಹೊರಟೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಡೆದಳು: ‘ಸರ್, ಅದಿರಲಿ, ಹೊಡೆದು ಹಾಕಿದ ಸಾಲು ಓದ್ರಿ.’