ರಾಗ, ಲೋಭ, ಭಯ: ನ್ಯಾಯಾಧೀಶರ ಚುನಾವಣೆಯ ದೇಣಿಗೆಯನ್ನು ಕುರಿತು

ನ್ಯಾಯಾಧೀಶನನ್ನು ಮತದಿಂದ ಆರಿಸುವ ಪದ್ಧತಿ ನಮ್ಮ ಉಚ್ಚ ನ್ಯಾಯಾಲಯಗಳಿಗೆ ಅಪರಿಚಿತವಾದುದು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಚುನಾವಣೆಯಿದ್ದಲ್ಲಿ ವೆಚ್ಚವುಂಟು, ವೆಚ್ಚವಿದ್ದಲ್ಲಿ ದಾನಿಯುಂಟು. ಆ ದಾನಿಯೇ ಮುಂದೆ ಕಕ್ಷಿಗಾರನಾಗಿ ಬಂದು ನಿಂತರೆ ನ್ಯಾಯಾಧೀಶನು ಮಾಡತಕ್ಕುದೇನು? ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಕೇಪರ್ಟನ್ ಮೊಕದ್ದಮೆಯಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನು ಕನ್ನಡ ನಾಡಿನಲ್ಲಿಯೇ ಹುಟ್ಟಿದ 'ಮಿತಾಕ್ಷರಾ' ವ್ಯಾಖ್ಯಾನದ ಬೆಳಕಿನಲ್ಲಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

2002ರಲ್ಲಿ ವೆಸ್ಟ್ ವರ್ಜೀನಿಯದ ಜ್ಯೂರಿಯೊಂದು ಮ್ಯಾಸಿ ಕಲ್ಲಿದ್ದಲು ಕಂಪೆನಿಯು 5 ಕೋಟಿ ಡಾಲರು ಪರಿಹಾರ ತೆರಬೇಕೆಂದಿತು. ಮೇಲ್ಮನವಿ ಸಲ್ಲುವ ಮೊದಲೇ, 2004ರಲ್ಲಿ, ಆ ರಾಜ್ಯದ ಮೇಲಿನ ನ್ಯಾಯಾಲಯಕ್ಕೆ ಚುನಾವಣೆ ನಡೆಯಿತು. ಕಂಪೆನಿಯ ಮುಖ್ಯಾಧಿಕಾರಿ ಬ್ಲಾಂಕೆನ್‌ಷಿಪ್ ಅವರು ಅಭ್ಯರ್ಥಿ ಬೆಂಜಮಿನ್ ಅವರ ಗೆಲುವಿಗಾಗಿ ಸುಮಾರು 30 ಲಕ್ಷ ಡಾಲರು ವೆಚ್ಚ ಮಾಡಿದರು. ಅದರಲ್ಲಿ ಅಭ್ಯರ್ಥಿಯ ಸಮಿತಿಗೆ ನೇರವಾಗಿ ಸಂದುದು 1,000 ಡಾಲರು ಮಾತ್ರ. 2007ರಲ್ಲಿ ಬೆಂಜಮಿನ್ ಅವರೂ ಸೇರಿದ ಪೀಠವು 3-2 ಬಹುಮತದಿಂದ ಕಂಪೆನಿಯ ಪರವಾಗಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ, ಅವರು ಹಿಂದೆ ಸರಿಯಬೇಕಾಗಿದ್ದಿತೆಂದು ನಿರ್ಣಯಿಸಿತು. ನ್ಯಾಯಮೂರ್ತಿ ಕೆನಡಿಯವರ ಒರೆಗಲ್ಲು ಪ್ರಮಾಣ: ಒಟ್ಟು ವೆಚ್ಚದಲ್ಲಿ ಈ ಹಣದ ಪಾಲೆಷ್ಟು, ಫಲಿತಾಂಶದ ಮೇಲೆ ಅದರ ಪ್ರಭಾವವೆಷ್ಟು ಎಂಬುದು. ಎಷ್ಟಾದರೆ ಅತಿಯೆಂದು ಭಿನ್ನಮತದ ರಾಬರ್ಟ್ಸ್ ಅವರು 40 ಪ್ರಶ್ನೆಗಳನ್ನೇ ಪಟ್ಟಿಮಾಡಿದರು.

ನಿರ್ಣಯವು ಯುಕ್ತವೇ, ಒರೆಗಲ್ಲು ಮಾತ್ರ ದುರ್ಬಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಯನ್ನು ವ್ಯಾಖ್ಯಾನಿಸುತ್ತ, ಸಭ್ಯರು ದಾರಿ ತಪ್ಪುವುದಕ್ಕೆ ಮೂರು ಕಾರಣಗಳನ್ನು ವಿವರಿಸುತ್ತಾನೆ: ರಾಗವೆಂದರೆ ಸ್ನೇಹದ ಅತಿಶಯ, ಲೋಭವೆಂದರೆ ಆಸೆಯ ಅತಿಶಯ, ಮೂರನೆಯದು ಭಯ. ಅಂತಹ ಸಭ್ಯರಿಗೆ ಇಮ್ಮಡಿ ದಂಡ. ಆದರೆ ಅದು ಸೋತವನು ತೆರುವ ದಂಡದ ಇಮ್ಮಡಿಯೇ ಹೊರತು ವಿವಾದದ ಸ್ವತ್ತಿನ ಇಮ್ಮಡಿಯಲ್ಲ. ಹಾಗಾದರೆ ಸ್ವತ್ತೇ ಇಲ್ಲದ ವಿವಾದಗಳಲ್ಲಿ ದಂಡವೇ ಇಲ್ಲವಾಗುವುದೆಂದು ಅವನ ವಾದ. ಧನದ ಅಳತೆಯಿಂದ ನ್ಯಾಯಪೀಠದ ದೋಷವನ್ನು ಅಳೆಯಲಾಗದೆಂಬ ತತ್ತ್ವಕ್ಕೆ ಇಲ್ಲಿ ಆಧಾರವುಂಟೆಂದು ನಮಗೆ ತೋರುತ್ತದೆ.

ಲಂಚದ ಕಾನೂನು ಲೋಭವನ್ನು ಮಾತ್ರ ಹಿಡಿಯಬಲ್ಲುದು. ಚುನಾವಣೆಯ ದೇಣಿಗೆಯಾದರೋ ಗೆದ್ದವನಲ್ಲಿ ಕೃತಜ್ಞತೆಯ ರಾಗವನ್ನೂ, ಮುಂದಿನ ಚುನಾವಣೆಯ ಭಯವನ್ನೂ ಹುಟ್ಟಿಸುತ್ತದೆ. ಇವೆರಡೂ ಸಜ್ಜನನನ್ನೂ ಬಿಡವು. 2009ರ ನವೆಂಬರಿನಲ್ಲಿ ಬೆಂಜಮಿನ್ ಅವರಿಲ್ಲದ ಪೀಠವೂ 4-1ರಿಂದ ಕಂಪೆನಿಯ ಪರವಾಗಿಯೇ ತೀರ್ಪಿತ್ತಿತು. ಹಾಗಾದರೆ ಮೊದಲಿನ ದೋಷ ದೋಷವಲ್ಲವೆ? ದೋಷವೇ ಸರಿ. ಸೋತವನು ತಾನು ಸೋತುದು ನ್ಯಾಯಕ್ಕೋ ಹಣಕ್ಕೋ ಎಂದು ತಿಳಿಯಲಾರದ ಸ್ಥಿತಿಯೇ ಅನ್ಯಾಯ.

ಈ ವಿಚಾರ ನಮಗೆ ಹೊರಗಿನದಲ್ಲ. ನಮ್ಮ ದೇಶದ ನ್ಯಾಯ ಪಂಚಾಯಿತಿಗಳಲ್ಲಿ ಊರವರ ಆಯ್ಕೆಯ ಅಂಶವಿದ್ದಿತು. 2008ರ ಗ್ರಾಮ ನ್ಯಾಯಾಲಯಗಳ ಕಾಯಿದೆ ನೇಮಕದ ದಾರಿಯನ್ನು ಹಿಡಿಯಿತು. ಚಾರ್ಮಾಡಿ ಘಾಟಿಯ ಹಾದಿಯಲ್ಲಿರುವ ಮುಂಡಾಜೆಯಂತಹ ಅಡಕೆ ತೋಟಗಳ ಊರನ್ನು ನೆನೆಯೋಣ. ಅಲ್ಲಿ ನೀರಿನ ತೋಡಿನ ವ್ಯಾಜ್ಯವನ್ನು ಮತದಿಂದ ಗೆದ್ದ ನೆರೆಯವನೇ ತೀರ್ಮಾನಿಸಬೇಕಾದರೆ, ಲಕ್ಷಗಳ ಮಾತು ಹಾಗಿರಲಿ, ಮತಯಾಚನೆಯ ದಿನ ಕೊಟ್ಟ ಒಂದು ಹೊತ್ತಿನ ಊಟವೂ ಋಣವೇ. ನೇಮಕದಲ್ಲಿಯೂ ನೇಮಿಸಿದವನ ಋಣ ಉಳಿಯುವುದೆಂಬ ಆಕ್ಷೇಪ ನಿಜ. ಆದರೆ ಅವನು ಪ್ರತಿ ವ್ಯಾಜ್ಯದಲ್ಲಿಯೂ ಕಕ್ಷಿಗಾರನಾಗಿ ಬರುವುದಿಲ್ಲ. ಆದ್ದರಿಂದ ಕೇಳತಕ್ಕ ಪ್ರಶ್ನೆ, ಎಷ್ಟು ಕೊಟ್ಟರು ಎಂಬುದಲ್ಲ; ಕೊಟ್ಟವನು ಎದುರಿಗೆ ನಿಂತಿರುವನೆ ಎಂಬುದು.