ತಪ್ಪು ಉತ್ತರಕ್ಕೆ ಎಷ್ಟು ಮರ್ಯಾದೆ?

ಒಗಟು ಹಾಕುವವರ ದೊಡ್ಡತನ ತಿಳಿಯುವುದು ನಾವು ಸರಿಯಾದ ಉತ್ತರ ಹೇಳಿದಾಗಲ್ಲ, ತಪ್ಪು ಹೇಳಿದಾಗ. ಸುರಪುರದ ನಮ್ಮ ಓಣಿಯಲ್ಲಿ ಒಗಟು ಹಾಕುವ ಹಿರಿಯ ಹೆಂಗಸರಲ್ಲಿ ಎರಡು ಬಗೆ. "ಸನಿಹ ಬಂದಿ ನೋಡವ್ವ, ಇನ್ನೊಂಚೂರು ಯೋಚನಿ ಮಾಡು" ಎನ್ನುವವರು ಒಂದು ಬಗೆ, "ಅಷ್ಟೂ ತಿಳಿಯಂಗಿಲ್ಲೇನು?" ಎಂದು ನಕ್ಕು ಬಾಯಿ ಮುಚ್ಚಿಸುವವರು ಇನ್ನೊಂದು ಬಗೆ. ಮಕ್ಕಳು ಯಾರ ಕಟ್ಟೆಗೆ ಹೋಗುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳ ಲ್ಯಾಪ್‌ಟಾಪಿನಲ್ಲಿ ಕೆಲವು ಹಳೆಯ ಕಂಪ್ಯೂಟರ್ ಆಟಗಳನ್ನು ಆಡಿ ನೋಡಿದೆ. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಲ್ಲ ಇವು. ಒಗಟು ಬಿಡಿಸುತ್ತ ಕಥೆಯೊಳಗೆ ನಡೆಯುವ 'ಅಡ್ವೆಂಚರ್' ಆಟಗಳು. ಆಡುತ್ತ ಹೋದಂತೆ ಓಣಿಯ ಆ ಹಿರಿಯರ ಅಳತೆಗೋಲೇ ಇವುಗಳಿಗೂ ಸರಿ ಎನಿಸಿತು.

ಮೊದಲನೆಯದು 'ಕೊಲೋಸಲ್ ಕೇವ್'. ಅಮೆರಿಕದ ವಿಲ್ ಕ್ರೌದರ್ 1976ರ ಸುಮಾರಿಗೆ ಇದನ್ನು ಬರೆದರು. 1977ರಲ್ಲಿ ಡಾನ್ ವುಡ್ಸ್ ಬೆಳೆಸಿದರು. ಕೆಂಟಕಿ ರಾಜ್ಯದ ಮ್ಯಾಮತ್ ಗವಿಯ ಒಂದು ಭಾಗವೇ ಆಟದ ಜಾಗ. 1972ರಲ್ಲಿ ಆ ಗವಿಗೂ ಪಕ್ಕದ ಫ್ಲಿಂಟ್ ರಿಡ್ಜ್ ಗವಿಗಳಿಗೂ ಇರುವ ದಾರಿ ಹುಡುಕಿದ ತಂಡದಲ್ಲಿ ಕ್ರೌದರರ ಆಗಿನ ಪತ್ನಿ ಪ್ಯಾಟ್ರಿಷಿಯಾ ಇದ್ದರು. ದಂಪತಿ ಬೇರೆಯಾದ ಮೇಲೆ, ಹೆಣ್ಣುಮಕ್ಕಳಿಗೆ ಆಡಲೊಂದು ಆಟವಿರಲೆಂದು ತಂದೆ ಬರೆದದ್ದು ಇದು.

ಇದರಲ್ಲಿ ಚಿತ್ರವೇ ಇಲ್ಲ. ಯಂತ್ರ ಜಾಗವನ್ನು ವರ್ಣಿಸುತ್ತದೆ, ನಾವು ಒಂದೆರಡು ಇಂಗ್ಲಿಷ್ ಶಬ್ದ ಬರೆದು ಏನು ಮಾಡಬೇಕೆಂದು ಹೇಳಬೇಕು. ಒಂದು ಕಡೆ ಹಾವು ದಾರಿಗೆ ಅಡ್ಡ ಬಿದ್ದಿದೆ. ಪಂಜರದಲ್ಲಿ ಹೊತ್ತು ತಂದ ಪುಟ್ಟ ಹಕ್ಕಿಯನ್ನು ಬಿಟ್ಟರೆ ಅದು ಹಾವನ್ನು ಓಡಿಸಿಬಿಡುತ್ತದೆ. ಆದರೆ ಕೈಯಲ್ಲಿ ಕೋಲಿದ್ದರೆ ಹಕ್ಕಿ ಹೆದರಿ ಸಿಗುವುದಿಲ್ಲ. ಮೊದಲು ಕೋಲು ಕೆಳಗಿಡಬೇಕು. ಮೇಷ್ಟರಾದವರು ನಿತ್ಯ ನೆನೆಯಬೇಕಾದ ಮಾತು!

ಆದರೆ ಈ ಗವಿಯ ಕಿವಿ ಬಹಳ ಚಿಕ್ಕದು. ಪ್ರತಿ ಶಬ್ದದ ಮೊದಲ ಐದು ಅಕ್ಷರ ಮಾತ್ರ ಅದು ಓದುತ್ತದೆ. ಅದರ ಪಟ್ಟಿಯಲ್ಲಿಲ್ಲದ ಶಬ್ದಕ್ಕೆ ತಿಳಿಯಲಿಲ್ಲ ಎನ್ನುತ್ತದೆ. ಕನ್ನಡಕ್ಕೆ ಈ ಉಪಾಯ ಒಗ್ಗುವುದೇ ಇಲ್ಲ. 'ಹಾವಿನ ಮೇಲೆ ಹಕ್ಕಿಯನ್ನು ಬಿಡು', 'ಹಕ್ಕಿಯ ಮೇಲೆ ಹಾವನ್ನು ಬಿಡು' – ನಮ್ಮ ಅರ್ಥವೆಲ್ಲ ಶಬ್ದದ ಬಾಲದಲ್ಲಿದೆ. ಬಾಲ ಕತ್ತರಿಸಿದರೆ ಯಾರು ಯಾರನ್ನು ಓಡಿಸಿದರೆಂದೇ ತಿಳಿಯದು.

ಮುಂದೆ ಈ ಆಟಗಳಿಗೆ ಚಿತ್ರ ಕೊಟ್ಟವರು ಒಬ್ಬ ಗೃಹಿಣಿ, ರಾಬರ್ಟಾ ವಿಲಿಯಮ್ಸ್. ಅವರು ಚಿತ್ರ ಬರೆದು ಕಥೆ ಕಟ್ಟಿದ, ಗಂಡ ಕೆನ್ ಪ್ರೋಗ್ರಾಂ ಬರೆದ 'ಮಿಸ್ಟರಿ ಹೌಸ್' 1980ರಲ್ಲಿ ಬಂತು. ಆ ಸಾಧನೆಗೆ ಕೈಮುಗಿಯುತ್ತೇನೆ. ಆದರೆ 1984ರ ಅವರ 'ಕಿಂಗ್ಸ್ ಕ್ವೆಸ್ಟ್'ನ ಒಂದು ಒಗಟನ್ನು ಒಪ್ಪಲಾರೆ. ಕುಳ್ಳನೊಬ್ಬನ ಹೆಸರು ಊಹಿಸಬೇಕು. ತಿರುಗುಮುರುಗಾಗಿ ಯೋಚಿಸೆಂಬ ಸುಳಿವು ಮಾತ್ರ ಇದೆ. ಗ್ರಿಮ್ ಸಹೋದರರ ಕಥೆಯ ರಂಪಲ್‌ಸ್ಟಿಲ್ಟ್‌ಸ್ಕಿನ್ ಎಂಬ ಹೆಸರು ಗೊತ್ತಿದ್ದು, ಅದನ್ನು ಹಿಂದಿನಿಂದ ಬರೆದರೂ ತಪ್ಪಂತೆ! 'ಎ' ಬದಲು 'ಝಡ್', 'ಬಿ' ಬದಲು 'ವೈ' ಎಂದು ಇಡೀ ಅಕ್ಷರಮಾಲೆಯನ್ನೇ ತಿರುವಿ ಬರೆಯಬೇಕು. 1990ರಲ್ಲಿ ಆಟವನ್ನು ಹೊಸದಾಗಿ ಮಾಡಿದಾಗ ಹೆಸರನ್ನು ಹಿಂದಿನಿಂದ ಬರೆದರೆ ಸಾಕೆಂದು ತಿದ್ದಿದರು. ಒಗಟಿನ ಉತ್ತರ ಕೇಳುವವಳ ಮನೆಯೊಳಗೇ ಇರಬೇಕು: ಒಲೆ, ಒರಳು, ಬಾವಿ, ಚಂದ್ರ. ತಿಳಿದ ಮೇಲೆ 'ಅಯ್ಯೋ, ಇಷ್ಟೇನಾ!' ಎನಿಸಬೇಕು. 'ಅದು ನನಗೆಲ್ಲಿಂದ ತಿಳಿಯಬೇಕಿತ್ತು?' ಎನಿಸಿದರೆ ಅದು ಒಗಟಲ್ಲ, ಜಂಬ.

1987ರ 'ಮೇನಿಯಾಕ್ ಮ್ಯಾನ್ಶನ್' ಬರೆಯುವ ಕಷ್ಟ ತಪ್ಪಿಸಿತು. 'ತೆಗೆ', 'ಮುಚ್ಚು', 'ಕೊಡು' ಎಂಬಂಥ ಕ್ರಿಯಾಪದಗಳನ್ನು ಪರದೆಯ ಕೆಳಗೇ ಜೋಡಿಸಿಟ್ಟರು, ಬೆರಳು ತೋರಿಸಿದರೆ ಸಾಕು. ನಷ್ಟವೂ ಆಯಿತು: ಯೋಚಿಸದೆ ಎಲ್ಲವನ್ನೂ ಒತ್ತಿ ನೋಡುವ ಚಾಳಿ ಬಂತು. ಆದರೆ ಅದೇ ರಾನ್ ಗಿಲ್ಬರ್ಟ್ ಮುಂದಾಳಾಗಿ 1990ರಲ್ಲಿ ತಂದ 'ಮಂಕಿ ಐಲ್ಯಾಂಡ್' ನನ್ನ ಮನಸ್ಸು ಗೆದ್ದಿತು. ಅಲ್ಲಿ ಕತ್ತಿಯುದ್ಧ ಗೆಲ್ಲುವುದು ಕತ್ತಿಯಿಂದಲ್ಲ, ಮಾತಿನಿಂದ. ಎದುರಾಳಿ ಮೂದಲಿಸಿದಾಗ ತಕ್ಕ ಜವಾಬು ಹೊಳೆಯದಿದ್ದರೆ ಸೋಲುತ್ತೇವೆ. ಆದರೆ ಆ ಮೂದಲಿಕೆ ನಮ್ಮದಾಗುತ್ತದೆ. ಅದನ್ನೇ ಇನ್ನೊಬ್ಬನಿಗೆ ಎಸೆದು ಅವನ ಜವಾಬು ಕಲಿಯುತ್ತೇವೆ. ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು ಕೇಳಿ ಬೆಳೆದ ನಮಗೆ ಇದು ಪರಕೀಯವೇ? ಸೋತವಳು ಬರಿಗೈಲಿ ಹೋಗುವುದಿಲ್ಲ ಎಂಬುದೇ ಇದರ ಹಿರಿಮೆ.

ಹಳೆಯ ಆಟಗಳ ಬಗ್ಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನಬಹುದು. ನಮ್ಮ ತರಗತಿಗಳೂ ಇಂಥ ಗವಿಗಳೇ, ಗೆಳತಿಯರೆ. ತಾಂಡಾದಿಂದ ಬರುವ ಹುಡುಗಿಯ ಲಂಬಾಣಿ ಮಾತು, ಪೇಟೆಯ ಹುಡುಗಿಯ ದಖ್ಖನಿ ಉರ್ದು, ಹೊಲದಿಂದ ಬರುವವಳ ಸುರಪುರದ ಕನ್ನಡ – ಪುಸ್ತಕದ ಪಟ್ಟಿಯಲ್ಲಿ ಇವಿಲ್ಲ. ಉತ್ತರ ಬಲ್ಲವಳೂ ಶಬ್ದ ಬೇರೆಯಾದ್ದಕ್ಕೆ 'ತಪ್ಪು' ಎನಿಸಿಕೊಳ್ಳುತ್ತಾಳೆ. ಎರಡು ಸಲ ಹಾಗಾದರೆ ಮೂರನೆಯ ಸಲ ಕೈ ಎತ್ತುವುದಿಲ್ಲ. ನಮ್ಮ ಶಾಲೆಯ ಒಬ್ಬಳಿಗೆ ಗವಿಯ ಆಟ ತೋರಿಸಿದಾಗ ಅವಳು ಕೇಳಿದ್ದೂ ಇದನ್ನೇ: "ಟೀಚರ್ರೀ, ಇದಕ್ಕ ನಮ್ಮ ಮಾತು ತಿಳಿಯಂಗಿಲ್ಲೇನ್ರಿ?"

ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಈಗ ಅಸಾಧ್ಯವಲ್ಲ. ಕವಲು ಕವಲಾಗಿ ಕಥೆ ಹೆಣೆಯುವ 'ಟ್ವೈನ್' ಎಂಬ ಸಾಧನ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಬರೆಯಬಹುದು. ಗವಿಗಾಗಿ ಕೆಂಟಕಿಗೆ ಹೋಗಬೇಕೆ? ಯಾದಗಿರಿಯ ಕೋಟೆಯಿದೆ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡವಿದೆ, ನಮ್ಮೂರಲ್ಲಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆಯಿದೆ. ಆಟ ಬರೆಯುವ ಹುಡುಗಿಯರಿಗೆ ನನ್ನದೊಂದೇ ಷರತ್ತು: ಸರಿ ಉತ್ತರ ಒಂದು ಬರೆಯುವ ಮೊದಲು, ತಪ್ಪು ಉತ್ತರಗಳಿಗೆ ಹತ್ತು ಒಳ್ಳೆಯ ಜವಾಬು ಬರೆದಿಡಿ.